ಮುದುಕಿಯನ್ನು ಎಬ್ಬಿಸುತ್ತಿದ್ದವರು

ಹಳೆಯ ದೋಣಿಯ ಮೋಟಾರಿಗೆ ಕೀ ತಿರುಗಿಸಿದಾಗ ಬರುವ ಸದ್ದು ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದ ಒಬ್ಬರು ನನಗೆ ಗೊತ್ತಿದ್ದರು. ಹೇಳಿದ್ದರಲ್ಲಿ ಅರ್ಧ ತಪ್ಪಾಗಿರುತ್ತಿತ್ತು. ಹೇಳುವ ರೀತಿ ಮಾತ್ರ ತಾವೇ ಅದನ್ನು ಹೆತ್ತವರ ಹಾಗಿರುತ್ತಿತ್ತು. ಕಳೆದ ತಿಂಗಳು ನಂದಿನಿ ಲೇಔಟಿನ ಮಗಳ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಮಲಗಿದವರು ಏಳಲಿಲ್ಲ. ಅಷ್ಟು ವರ್ಷ ಇನ್ನೊಬ್ಬಳನ್ನು ಎಬ್ಬಿಸುವುದೇ ಕೆಲಸವಾಗಿದ್ದ ಮನುಷ್ಯ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಆ ಹೆಸರಿಗೆ ಒಂದು ಮಸಿ ಅಂಟಿತ್ತು, ಅಂಟಿಸಿದವನು ನಾನು. ಅದನ್ನು ಹೇಳುವುದಕ್ಕೇ ಬರೆಯಲು ಕೂತಿದ್ದೇನೆ. ಆದರೆ ನೇರವಾಗಿ ಅಲ್ಲಿಗೇ ಹೋದರೆ ಅವರು ಎಂಥವರೆಂದು ನಿಮಗೆ ತಿಳಿಯುವುದಿಲ್ಲ. ಮೊದಲು ಅವರು ಬರಲಿ.

ಕಾಮಾಕ್ಷಿಪಾಳ್ಯದಲ್ಲಿ ನನ್ನದೊಂದು ಆಟೋ ಎಲೆಕ್ಟ್ರಿಕ್ ಅಂಗಡಿ ಇತ್ತು. ಲಾರಿ, ಟೆಂಪೋಗಳ ಸ್ಟಾರ್ಟರ್, ಡೈನಮೋ, ಹಾರನ್ ಇವುಗಳ ರಿಪೇರಿ. ಒಂದು ದಿನ ಬಿಳಿ ಪೈಜಾಮ, ಬಿಳಿ ಶರ್ಟು, ಹಣೆಯ ತುಂಬ ವಿಭೂತಿ ಧರಿಸಿದ ಎತ್ತರದ ಮನುಷ್ಯ ಬಾಗಿಲಲ್ಲಿ ನಿಂತರು.

"ಸ್ಟಾರ್ಟರ್ ನೋಡ್ತೀರೇನ್ರಿ?"

"ನೋಡ್ತೀವಿ ಸಾರ್. ಯಾವ ಗಾಡಿ?"

"ಗಾಡಿ ಅಲ್ರಿ. ದೋಣಿ."

ಪಕ್ಕದ ಪಂಕ್ಚರ್ ಅಂಗಡಿಯವನು ಕೈಯಲ್ಲಿದ್ದ ಟ್ಯೂಬು ಬಿಟ್ಟು ನಕ್ಕ. "ಅಣ್ಣ, ಮಾಗಡಿ ರೋಡಲ್ಲಿ ದೋಣಿ ಓಡೋದು ಮಳೆ ಬಂದಾಗ ಮಾತ್ರ."

"ನಗ್ರಿ, ನಗ್ರಿ. ಮಳಿ ಬಂದಾಗ ನನ್ನ ಕರಿಯಾಕ ಬರ್ತೀರಿ," ಎಂದರು ಅವರು. ಒಂದಿಷ್ಟೂ ಬೇಸರವಿರಲಿಲ್ಲ.

ಕೆಂಗೇರಿ ಕಡೆಯ ಒಂದು ಕೆರೆಯಲ್ಲಿ ಆಗ ದೋಣಿವಿಹಾರ ನಡೆಯುತ್ತಿತ್ತು. ಕಾಲಲ್ಲಿ ತುಳಿಯುವ ಬಾತುಕೋಳಿ ದೋಣಿಗಳು ಕೆಲವು, ಮೋಟಾರಿನದು ಒಂದೇ ಒಂದು. ಗುತ್ತಿಗೆ ಹಿಡಿದವರ ಕೈಕೆಳಗೆ ಇವರು ಮೋಟಾರು ದೋಣಿಯ ಚಾಲಕರು. ಜನರನ್ನು ಸುತ್ತು ಹಾಕಿಸುವುದು, ಬಾತುಕೋಳಿಯವರು ನಡುನೀರಲ್ಲಿ ಸುಸ್ತಾಗಿ ಕೈಬೀಸಿದರೆ ಎಳೆದು ತರುವುದು. ಮೂಲ ಕೃಷ್ಣೆಯ ದಂಡೆಯವರು. ಹುಡುಗನಾಗಿದ್ದಾಗಿನಿಂದ ನದಿ ದಾಟಿಸುವ ಕೆಲಸ. ಸೇತುವೆ ಬಂದಮೇಲೆ ಬೆಂಗಳೂರಿಗೆ ಬಂದರು. "ನದಿ ನನ್ನ ಬಿಡಲಿಲ್ಲ. ಸೇತುವಿ ಬಿಡಿಸ್ತು," ಎನ್ನುತ್ತಿದ್ದರು.

ಮೋಟಾರು ಕರಾವಳಿಯಲ್ಲಿ ಯಾರೋ ಬಳಸಿ ಬಿಟ್ಟದ್ದು. ಬಣ್ಣ ಹೋಗಿ ಅಲ್ಲಲ್ಲಿ ಬೆಳ್ಳಗಾಗಿತ್ತು. ಅದಕ್ಕೆ ಇವರು ಇಟ್ಟ ಹೆಸರು ಮುದುಕಿ. ಬೆಳಿಗ್ಗೆ ಕೀ ತಿರುಗಿಸುವ ಮುಂಚೆ ಅದರ ನೆತ್ತಿಯ ಮೇಲೆ ಅಂಗೈ ಇಟ್ಟು, "ಏಳವ್ವಾ, ಊರೆಲ್ಲಾ ಎದ್ದೈತಿ" ಎಂದು ಹೇಳಿಯೇ ಮುಂದಿನ ಕೆಲಸ. ಅದು ಏಳದಿದ್ದರೆ, "ರಾತ್ರಿ ಇಬ್ಬನಿ ಬಿದ್ದೈತಿ, ಮೊಣಕಾಲ ಹಿಡದಾವ" ಎಂದು ಕಾರಣ ಕೊಡುತ್ತಿದ್ದರು. ದೋಣಿಯ ಹುಟ್ಟಿನ ಹಿಡಿಯಿಂದ ಸ್ಟಾರ್ಟರಿನ ಪಕ್ಕೆಗೆ ಎರಡು ಬಾರಿಸಿದರೆ ಎಷ್ಟೋ ಸಲ ಏಳುತ್ತಿತ್ತು. ಒಳಗೆ ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದು ಸಿಕ್ಕಿಕೊಂಡಿರುತ್ತದೆ, ಅದು ಅಲುಗಾಡಿ ಕೂರುತ್ತದೆ ಎಂದು ನಾನು ವಿವರಿಸಿದೆ. ಅವರು ಒಪ್ಪಲಿಲ್ಲ. "ಕಾರ್ಬನ್ ಅಲ್ರಿ, ಆಕಿಗೆ ಸಿಟ್ಟು ಬರಬೇಕು."

ನಾನು ಮೊದಲ ಸಲ ಆ ಸ್ಟಾರ್ಟರನ್ನು ಬಿಚ್ಚಿ ಅಂಗಡಿಗೆ ತಂದದ್ದನ್ನು ನೆನೆದರೆ ಈಗಲೂ ನಗು ಬರುತ್ತದೆ. ಕಾರ್ಬನ್ ಬದಲಾಯಿಸಿದೆ, ತುಕ್ಕು ಕೆರೆದೆ, ಲಾರಿಯದಕ್ಕೆ ಮಾಡುವ ಹಾಗೆ ಮುಂದಿನ ಹಲ್ಲುಚಕ್ರ ಜಾರುವ ಜಾಗಕ್ಕೆ ಧಾರಾಳವಾಗಿ ಗ್ರೀಸ್ ತುಂಬಿದೆ. ಬೆಂಚಿನ ಮೇಲೆ ಮಲಗಿಸಿ ಬ್ಯಾಟರಿ ಕೊಟ್ಟರೆ ಹಲ್ಲುಚಕ್ರ ಚಂಗನೆ ಮುಂದಕ್ಕೆ ಜಿಗಿಯಿತು. ಹೆಮ್ಮೆಯಿಂದ ಒಯ್ದು ದೋಣಿಗೆ ಕಟ್ಟಿದೆ. ಕೀ ತಿರುಗಿಸಿದರೆ ಸ್ಟಾರ್ಟರ್ ಸುಂಯ್ ಎಂದು ಒಂಟಿಯಾಗಿ ತಿರುಗುತ್ತದೆ, ಮೋಟಾರು ಅಲ್ಲಾಡುವುದಿಲ್ಲ. ಮತ್ತೆ ಬಿಚ್ಚಿದೆ, ಮತ್ತೆ ಬೆಂಚು, ಮತ್ತೆ ಚಂಗನೆ ಜಿಗಿತ. ಮತ್ತೆ ದೋಣಿ, ಮತ್ತೆ ಸುಂಯ್. ಬಿಸಿಲಲ್ಲಿ ನನ್ನ ಬೆನ್ನು ಬೆಂದು ಹೋಯಿತು.

ಇವರು ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತ ನೋಡುತ್ತಿದ್ದವರು ಕೊನೆಗೆ, "ಮಲಗಿಸಿದ್ರ ಓಡ್ತದ, ನಿಲ್ಲಿಸಿದ್ರ ಓಡಂಗಿಲ್ಲ. ನಮ್ಮ ಮಾವನಂಗ ಐತಲ್ರಿ," ಎಂದರು.

ಅವರು ಮಾವನನ್ನು ಬೈಯಲು ಹೇಳಿದ್ದು. ನನಗೆ ತಲೆಯೊಳಗೆ ದೀಪ ಹತ್ತಿತು. ಲಾರಿಯ ಸ್ಟಾರ್ಟರ್ ಮಲಗಿಕೊಂಡು ಕೆಲಸ ಮಾಡುತ್ತದೆ. ಈ ಮೋಟಾರಿನದು ನಿಂತುಕೊಂಡು. ಇಲ್ಲಿ ಹಲ್ಲುಚಕ್ರ ಮೇಲಕ್ಕೆ ಹತ್ತಬೇಕು. ನಾನು ತುಂಬಿದ ಗ್ರೀಸ್ ಅದರ ಕಾಲು ಹಿಡಿದುಕೊಂಡಿತ್ತು. ಸೀಮೆಎಣ್ಣೆಯಲ್ಲಿ ಎಲ್ಲ ತೊಳೆದು, ಒಣಗಿಸಿ, ಒಂದು ತೊಟ್ಟು ಹೊಲಿಗೆ ಯಂತ್ರದ ಎಣ್ಣೆ ಮಾತ್ರ ಬಿಟ್ಟು ಕಟ್ಟಿದೆ. ಮುದುಕಿ ಒಂದೇ ಸಲಕ್ಕೆ ಎದ್ದಳು. ಅವರು ಅರ್ಧ ರೊಟ್ಟಿ, ಶೇಂಗಾ ಚಟ್ನಿಯನ್ನು ನನ್ನ ಕೈಗಿಟ್ಟು, "ನೀವು ಎಷ್ಟು ಓದೀರಿ?" ಎಂದು ಕೇಳಿದರು.

"ಹತ್ತನೇ ಕ್ಲಾಸು. ಪಾಸು."

"ಅದಕ್ಕ ಮತ್ತ. ಮಾಸ್ತರ ಆಗಬೇಕಿತ್ತು ನೀವು."

ಅಂದಿನಿಂದ ನಾನು ಅವರ ಬಾಯಲ್ಲಿ ಮಾಸ್ತರ. ಅಲ್ಲಿಯವರೆಗೆ ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಕೆರೆಗೆ ಬಂದವರಿಗೆಲ್ಲ ಅವರು ತೋರಿಸುವರು: "ಇವರು ನಮ್ಮ ಮಾಸ್ತರ. ಇವರು ಮುಟ್ಟಿದ್ರ ಮುದುಕಿ ಎದ್ದು ಕುಣೀತಾಳ." ಐಸ್‌ಕ್ರೀಮ್ ಮಾರುವವನಿಗೆ ಹೇಳಿದರು, ಟಿಕೆಟ್ ಹರಿಯುವ ಹುಡುಗಿಗೆ ಹೇಳಿದರು, ದೋಣಿಯಲ್ಲಿ ಕೂತ ಮದುಮಕ್ಕಳಿಗೂ ಹೇಳಿದರು. ನನಗೆ ನಾಚಿಕೆ, ಆದರೆ ಅಂಗಡಿ ಮುಚ್ಚುವ ಭಾನುವಾರಗಳಲ್ಲಿ ಕಾಲು ತಾನಾಗಿ ಕೆರೆಯ ಕಡೆ ಹೋಗುತ್ತಿತ್ತು. ಆ ಮಾತು ಕೇಳಲು ಹೋಗುತ್ತಿದ್ದೆ ಎಂದು ಈಗ ಒಪ್ಪಿಕೊಳ್ಳಬಲ್ಲೆ.

ನೀರಿನ ವಿಷಯಕ್ಕೆ ಬಂದರೆ ಅವರು ಯಾರ ಮುಲಾಜೂ ನೋಡುವವರಲ್ಲ. ಲೈಫ್ ಜಾಕೆಟ್ ಹಾಕಿಕೊಂಡರೆ ಸೀರೆ ಮುದುರುತ್ತದೆ ಎಂದ ಹೆಂಗಸಿಗೆ, "ತೊಯ್ದ ಸೀರಿ ಯಾರಿಗೆ ತೋರಸ್ತೀರವ್ವಾ?" ಎಂದಿದ್ದರು. ಫೋಟೋಕ್ಕಾಗಿ ನಡುನೀರಲ್ಲಿ ಎದ್ದು ನಿಂತ ಹುಡುಗರ ಗುಂಪನ್ನು ಅರ್ಧ ಸುತ್ತಿಗೇ ವಾಪಸ್ ತಂದು ಇಳಿಸಿದ್ದರು. "ದುಡ್ಡು ಕೊಟ್ಟಿದೀವಿ ಅಂಕಲ್," ಎಂದು ಒಬ್ಬ ಜೋರು ಮಾಡಿದಾಗ, "ನೀರಿಗೆ ಒಳಗ ಹೋಗಾಕ ಎಲ್ಲಾ ಕಡಿ ಬಾಗಲ ಅದಾವ. ಹೊರಗ ಬರಾಕ ನಾ ಒಬ್ಬನ ಬಾಗಲ. ಬಾಗಲಕ್ಕ ಬೈಬಾರದು," ಎಂದರು. ಹುಡುಗ ನಕ್ಕುಬಿಟ್ಟ. "ಗುರು, ಡೈಲಾಗ್ ನೋಡೋ," ಎಂದ ಗೆಳೆಯನಿಗೆ.

ಇಷ್ಟು ಧೈರ್ಯದ ಮಾತಿಗೆ ಮೂಲ ಅವರ ಕೈ. ದೊಡ್ಡ ಕೈ, ಗಂಟುಗಂಟಾದ ಬೆರಳು. ಸ್ಟಾರ್ಟರ್ ಪೂರ್ತಿ ಕೈಕೊಟ್ಟ ದಿನ ಮೋಟಾರಿನ ಮುಚ್ಚಳ ತೆಗೆದು, ಮೇಲಿನ ಚಕ್ರಕ್ಕೆ ಹಗ್ಗ ಸುತ್ತಿ, ಒಂದೇ ಎಳೆತಕ್ಕೆ ಮುದುಕಿಯನ್ನು ಎಬ್ಬಿಸುತ್ತಿದ್ದರು. ನಾನು ಪ್ರಯತ್ನಿಸಿ ಭುಜ ಹಿಡಿಸಿಕೊಂಡಿದ್ದೇನೆ. "ಕಣ್ಣಿಗೆ ಮೋಸ ಆಗತೈತಿ ಮಾಸ್ತರ, ಕಿವಿಗೂ ಆಗತೈತಿ. ಕೈಗೆ ಆಗಂಗಿಲ್ಲ," ಎಂದು ಅಂಗೈ ಅಗಲಿಸಿ ತೋರಿಸುತ್ತಿದ್ದರು.

ಆ ಕೈಯನ್ನು ನಾನು ಹಾಳು ಮಾಡಿದೆ.

ಅದು ಹೀಗಾಯಿತು. ಗಣೇಶನ ಹಬ್ಬದ ಮುಂದಿನ ಭಾನುವಾರ. ಕೆರೆಯ ಬಳಿ ಜನವೋ ಜನ. ಬೆಳಿಗ್ಗೆಯೇ ಕರೆ ಬಂತು, ಕೀ ತಿರುಗಿಸಿದರೆ ಸದ್ದೇ ಇಲ್ಲವಂತೆ. ಹೋಗಿ ಟೆಸ್ಟ್ ಲ್ಯಾಂಪ್ ಹಿಡಿದು ನೋಡುತ್ತ ಬಂದೆ. ಬ್ಯಾಟರಿ ಸರಿ, ತಂತಿ ಸರಿ, ಸ್ಟಾರ್ಟರ್ ಸರಿ. ಕೊನೆಗೆ ಗೇರ್ ಲಿವರಿನ ಡಬ್ಬಿಯೊಳಗೆ ಕಾಯಿಲೆ ಸಿಕ್ಕಿತು. ಅಲ್ಲೊಂದು ಚಿಕ್ಕ ಸ್ವಿಚ್ ಇರುತ್ತದೆ. ಲಿವರ್ ನಡುವೆ, ನ್ಯೂಟ್ರಲ್‌ನಲ್ಲಿ ಇದ್ದರೆ ಮಾತ್ರ ಅದು ಸ್ಟಾರ್ಟರಿಗೆ ಕರೆಂಟು ಬಿಡುತ್ತದೆ. ಲಿವರ್ ಗೇರಿನಲ್ಲಿದ್ದರೆ ಎಷ್ಟು ಕೀ ತಿರುಗಿಸಿದರೂ ಮೋಟಾರು ಏಳುವುದಿಲ್ಲ. ದೋಣಿ ಇದ್ದಕ್ಕಿದ್ದಂತೆ ಹಾರದಿರಲಿ ಎಂದು ಇಟ್ಟ ಕಾವಲು ಅದು. ಆ ಸ್ವಿಚ್ ಸವೆದು ಸತ್ತಿತ್ತು. ಹೊಸದು ಕರಾವಳಿಯಿಂದ ಬರಬೇಕು.

ಅವರು ಹಗ್ಗ ತೆಗೆದರು. "ಬಿಡ್ರಿ ಮಾಸ್ತರ, ಇವತ್ತ ಹಗ್ಗದಾಗ ಎಬ್ಬಸ್ತೀನಿ."

ಗುತ್ತಿಗೆಯವರ ಮ್ಯಾನೇಜರ್ ಅಲ್ಲೇ ನಿಂತಿದ್ದ. "ಪ್ರತಿ ಸುತ್ತಿಗೂ ಮುಚ್ಚಳ ತೆಗೆದು ಹಗ್ಗ ಎಳೀತಾ ಕೂತ್ರೆ ಜನ ನಗಲ್ವಾ? ನಿಮ್ಮ ಮಾಸ್ತರ ಕೈಲಿ ಆಗಲ್ಲ ಅಂದ್ರೆ ಹೇಳಿ, ಬೇರೆಯವರನ್ನ ಕರೀತೀನಿ," ಎಂದ.

"ಅವರ ಕೈಲೆ ಆಗಂಗಿಲ್ಲ ಅಂದ್ರ ಯಾರ ಕೈಲೆನೂ ಆಗಂಗಿಲ್ಲ," ಎಂದರು ಇವರು, ಎದೆ ಸೆಟೆದು.

ಆ ಮಾತು ನನ್ನನ್ನು ಕಟ್ಟಿಹಾಕಿತು. ಆಗುವುದಿಲ್ಲ ಎನ್ನಲು ಮನಸ್ಸು ಬರಲಿಲ್ಲ. ಅವರು ಪೆಟ್ರೋಲ್ ಕ್ಯಾನ್ ತರಲು ಹೋದಾಗ ಸ್ವಿಚ್ಚಿನ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು, ಟೇಪು ಸುತ್ತಿ, ಡಬ್ಬಿ ಮುಚ್ಚಿದೆ. ಈಗ ಮೋಟಾರು ಯಾವ ಗೇರಿನಲ್ಲಿದ್ದರೂ ಏಳುತ್ತಿತ್ತು. ಕಾವಲಿಗೆ ನಿಂತವನನ್ನು ತೆಗೆದು, ಬಾಗಿಲು ತೆರೆದಿಟ್ಟ ಹಾಗೆ. ಅವರು ಬಂದು, "ಏನಾಗಿತ್ರಿ?" ಎಂದರು.

"ಸ್ವಿಚ್ ಹೋಗಿತ್ತು. ಹೊಸದು ಹಾಕಿದೀನಿ."

ಇದಿಷ್ಟೇ ಮಾತು. ನಿಜ ಹೇಳಿದ್ದರೆ ಅವರು ಆ ದೋಣಿಯಲ್ಲಿ ಒಬ್ಬ ಮನುಷ್ಯನನ್ನೂ ಕೂರಿಸುತ್ತಿರಲಿಲ್ಲ. ಅದು ಗೊತ್ತಿದ್ದೇ ಸುಳ್ಳು ಹೇಳಿದೆ. ಅವರು ನನ್ನ ಬೆನ್ನು ತಟ್ಟಿದರು.

ದೋಣಿ ಬಿಡುವಾಗ ಅವರದೊಂದು ಅಭ್ಯಾಸ. ಮುಂದಿನ ಹಗ್ಗ ಕಂಬಕ್ಕೆ ಕಟ್ಟಿರುವಾಗಲೇ, ಒಂದು ಕಾಲು ಕಲ್ಲಿನ ಮೆಟ್ಟಿಲ ಮೇಲಿಟ್ಟು ಬಗ್ಗಿ ಕೀ ತಿರುಗಿಸುವರು. ಮುದುಕಿಯ ಉಸಿರು ಹದಕ್ಕೆ ಬಂದಮೇಲೆ ಹಗ್ಗ ಬಿಚ್ಚಿ ಒಳಗೆ ಕೂರುವರು. ಸಂಜೆ, ನಾನು ಮನೆಗೆ ಹೋದ ಮೇಲೆ, ದೋಣಿ ತುಂಬ ಜನ. ಸೀಟು ಹುಡುಕುವ ನೂಕಾಟದಲ್ಲಿ ಯಾರ ಮೊಣಕೈಯೋ ಲಿವರಿಗೆ ತಾಗಿ ಅದು ಮುಂದಕ್ಕೆ ಸರಿದಿರಬೇಕು. ಬೇರೆ ದಿನವಾಗಿದ್ದರೆ ಮೋಟಾರು ಏಳುತ್ತಲೇ ಇರಲಿಲ್ಲ. ಇವರು "ಯಾರ್ರಿ ಇದನ್ನ ಮುಟ್ಟಿದವರು" ಎಂದು ಗದರಿಸಿ ಲಿವರ್ ಸರಿಮಾಡುತ್ತಿದ್ದರು. ಅವತ್ತು ಕೀ ತಿರುಗಿಸಿದೊಡನೆ ಮುದುಕಿ ಎದ್ದಳು, ದೋಣಿ ಮುಂದಕ್ಕೆ ನೆಗೆಯಿತು, ಹಗ್ಗ ಬಿಗಿದು ಎಳೆಯಿತು, ಹಿಂಭಾಗ ತಿರುಗಿ ಬಂದು ಮೆಟ್ಟಿಲಿಗೆ ಬಡಿಯಿತು. ನಡುವೆ ಅವರ ಕಾಲಿತ್ತು. ಜನ ಒಬ್ಬರ ಮೇಲೊಬ್ಬರು ಬಿದ್ದರು, ಯಾರಿಗೂ ಪೆಟ್ಟಾಗಲಿಲ್ಲ. ಆ ನೋವಿನಲ್ಲೂ ಅವರು ಬಗ್ಗಿ ಕೀ ತೆಗೆದು ಮೋಟಾರು ಆರಿಸಿದ್ದರಂತೆ.

ಮಾರನೆಯ ವಾರ ಕರಾವಳಿಯಿಂದ ಹೊಸ ಸ್ವಿಚ್ ಬಂತು. ಯಾರೂ ಇಲ್ಲದಾಗ ಹೋಗಿ ಹೊಸೆದ ತಂತಿ ಬಿಡಿಸಿದೆ, ಸ್ವಿಚ್ ಕೂರಿಸಿದೆ. ಆಮೇಲೆ ಮ್ಯಾನೇಜರನನ್ನು ಕರೆದು ತೋರಿಸಿದೆ. ಲಿವರ್ ಗೇರಿನಲ್ಲಿಟ್ಟು ಕೀ ತಿರುಗಿಸಿದರೆ ಸದ್ದಿಲ್ಲ. ನನ್ನ ಕೆಲಸದಲ್ಲಿ ಲೋಪವಿಲ್ಲ ಎಂದು ಇಬ್ಬರೂ ಒಪ್ಪಿದೆವು.

ಅಲ್ಲಿಂದ ನೇರ ಆಸ್ಪತ್ರೆಗೆ ಹೋದೆವು. ಅವರ ಕಾಲಿಗೆ ಮೊಣಕಾಲಿನವರೆಗೆ ಪಟ್ಟಿ. ಮ್ಯಾನೇಜರ್ ಮಂಚದ ಪಕ್ಕ ನಿಂತು ಹೇಳಿದ: "ಗೇರಲ್ಲಿದ್ರೆ ಸ್ಟಾರ್ಟೇ ಆಗಲ್ಲ, ಈಗ ನೋಡ್ಕೊಂಡು ಬಂದ್ವಿ. ಅಂದ್ರೆ ಸ್ಟಾರ್ಟ್ ಆದ್ಮೇಲೆ ನೀವೇ ಲಿವರ್ ತಳ್ಳಿದೀರಿ."

"ನಾ ಲಿವರ್ ಮುಟ್ಟಿಲ್ರಿ."

"ಮತ್ತೆ ದೋಣಿ ತಾನೇ ಹಾರ್ತಾ?"

ಅವರು ನನ್ನ ಕಡೆ ತಿರುಗಿದರು. ನಾನು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ.

"ಮಾಸ್ತರ, ಅವತ್ತ ಹೊಸಾ ಸ್ವಿಚ್ ಹಾಕಿದ್ರಿ, ಹೌದಲ್ರಿ?"

"ಹೌದು," ಎಂದೆ.

ಅವರು ತಮ್ಮ ಬಲಗೈಯನ್ನು ಮೇಲೆತ್ತಿ ನೋಡಿಕೊಂಡರು. ಬೇರೆ ಯಾರದೋ ಕೈ ನೋಡುವ ಹಾಗೆ. "ಹಂಗಾರ ನಂದ ಕೈ ತಾಗಿರಬೇಕು ಬಿಡ್ರಿ," ಎಂದರು.

ಕೆಲಸ ಹೋಯಿತು. ಕುಡಿದಿದ್ದ ಎಂದು ಒಬ್ಬ, ವಯಸ್ಸಾಯಿತು ಎಂದು ಇನ್ನೊಬ್ಬ, ಕೆರೆಯ ಬಳಿ ಮಾತು ಹಬ್ಬಿತು. ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟಿದವರಲ್ಲ. ಆದರೆ ಅವರನ್ನು ತಿಂದದ್ದು ಆ ಮಾತುಗಳಲ್ಲ, ಕುಂಟುವ ಕಾಲೂ ಅಲ್ಲ. ತಮ್ಮ ಕೈ ತಮಗೆ ಮೋಸ ಮಾಡಿತು ಎಂಬ ನಂಬಿಕೆ. ಚಹಾದ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯತೊಡಗಿದರು. ಬಾಗಿಲಿಗೆ ಬೀಗ ಹಾಕಿ, ಬೀದಿಯ ಕೊನೆಯವರೆಗೆ ಹೋಗಿ, ಮತ್ತೆ ಬಂದು ಬೀಗ ಎಳೆದು ನೋಡುವರು. ಗ್ಯಾಸ್ ಒಲೆ ಹಚ್ಚುತ್ತಿರಲಿಲ್ಲ. ನೀರಿನ ಹತ್ತಿರವಂತೂ ಹೋಗಲೇ ಇಲ್ಲ.

ನಾನು ಅವರ ಮನೆಗೆ ಹೋಗುವುದನ್ನು ಬಿಡಲಿಲ್ಲ. ಮಿಕ್ಸಿ ಕೆಟ್ಟರೆ ನಾನು, ಪಂಪು ಕೆಟ್ಟರೆ ನಾನು. ಹೇಳಬೇಕೆಂದೇ ಹೋಗುವುದು, ಮಿಕ್ಸಿ ಸರಿಮಾಡಿ ಬರುವುದು. ಅವರ ಹೆಂಡತಿ ಚಹಾ ಕೊಟ್ಟು, "ಮಾಸ್ತರ ಇರೋದಕ್ಕ ನಮಗ ಒಂದ್ ಧೈರ್ಯ," ಎನ್ನುವರು. ಆ ಚಹಾವನ್ನು ಪೂರ್ತಿ ಕುಡಿದೇ ಏಳುತ್ತಿದ್ದೆ.

ಮುಂದಿನ ವರ್ಷ ಮೊಮ್ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ ಮಗಳು ಕೂಸನ್ನು ತಂದು ಅಪ್ಪನ ಮುಂದೆ ಹಿಡಿದಳು. ಅವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು. "ನನ್ನ ಕೈ ಬ್ಯಾಡವ್ವಾ. ಮಾಸ್ತರ ಕೈಯಾಗ ಕೊಡ. ಅವರದು ಗಟ್ಟಿ ಕೈ." ಎಲ್ಲರೂ ನಕ್ಕರು, ಹಳೆಯ ತಮಾಷೆ ಎಂದುಕೊಂಡು. ಕೂಸನ್ನು ನನ್ನ ಕೈಗೆ ಕೊಟ್ಟರು. ತಂತಿ ಹೊಸೆದ ಇದೇ ಬೆರಳುಗಳ ಮೇಲೆ ಅದು ಕಣ್ಣುಮುಚ್ಚಿ ಮಲಗಿತ್ತು. ಅವತ್ತು ಹೇಳಬೇಕಿತ್ತು. ಅವತ್ತು ಹೇಳದವನು ಆಮೇಲೆ ಹೇಗೆ ಹೇಳುತ್ತಾನೆ?

ಅವರು ಹೋದ ಸುದ್ದಿಯನ್ನು ಮಗಳು ಫೋನ್ ಮಾಡಿ ತಿಳಿಸಿದಳು. ಕಾರ್ಯಗಳೆಲ್ಲ ಮುಗಿದ ಮೇಲೆ ಮೊನ್ನೆ ಅತ್ತಿಗುಪ್ಪೆಯ ನನ್ನ ಮನೆಯಿಂದ ಹೊರಟು ನಂದಿನಿ ಲೇಔಟಿಗೆ ಹೋದೆ. ಮಗಳು ತರಕಾರಿಗೆ ಹೋಗಿದ್ದಳು. ಅವರ ಹೆಂಡತಿ ನೆಲದ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಅಕ್ಕಾ, ಅವತ್ತು ಅವರ ಕೈ ತಪ್ಪಿರಲಿಲ್ಲ," ಎಂದೆ. ಸ್ವಿಚ್ಚು, ತಂತಿ, ಟೇಪು, ಆಸ್ಪತ್ರೆಯಲ್ಲಿ ನಾನು ಹೇಳಿದ 'ಹೌದು', ಎಲ್ಲವನ್ನೂ ಹೇಳಿದೆ. ಅವರ ಬೆರಳು ಅಕ್ಕಿಯ ಮೇಲೆ ನಿಂತುಹೋಗಿತ್ತು.

"ಇದನ್ನ ನನಗ ಯಾಕ ಹೇಳ್ತೀರಿ? ಅವರಿಗೆ ಹೇಳಬೇಕಿತ್ತು."

"ಹೌದಕ್ಕ."

ಅವರು ಒಳಗೆ ತಿರುಗಿ ಮೊಮ್ಮಗಳನ್ನು ಕರೆದರು. ಹುಡುಗಿ ಪೆನ್ಸಿಲ್ ಹಿಡಿದುಕೊಂಡೇ ಬಂದು ನಿಂತಳು. "ಈಕಿಗೆ ಹೇಳ್ರಿ. ಅಜ್ಜ ನನ್ನ ಯಾಕ ಒಮ್ಮೆನೂ ಎತ್ತಿಕೊಳ್ಳಲಿಲ್ಲ ಅಂತ ಕೇಳ್ತಿದ್ಲು. ನನಗ ಹೇಳಾಕ ಗೊತ್ತಾಗ್ತಿರಲಿಲ್ಲ."

ನಾನು ಹೇಳಿದೆ. ಮಕ್ಕಳಿಗೆ ಅರ್ಥವಾಗುವ ಹಾಗೆ ಹೇಳುವುದು ಕಷ್ಟ, ಆದರೆ ಅಲ್ಲಿ ಸುಳ್ಳಿಗೆ ಜಾಗವಿರುವುದಿಲ್ಲ. "ನಿಮ್ಮಜ್ಜನ ಕೈ ತಪ್ಪಿರ್ಲಿಲ್ಲ ಪುಟ್ಟ. ತಪ್ಪಿದೆ ಅಂತ ಅವರು ಅನ್ಕೊಂಡಿದ್ರು. ಅದಕ್ಕೇ ನಿನ್ನನ್ನ ಎಲ್ಲಿ ಬೀಳಿಸ್ತೀನೋ ಅಂತ ಎತ್ಕೊಳ್ಳಕ್ಕೆ ಹೆದರ್ತಿದ್ರು."

"ಮತ್ತೆ ಯಾರ ಕೈ ತಪ್ಪಿದ್ದು?"

"ನಂದು."

"ನೀವು ಏನನ್ನ ಬೀಳಿಸಿದ್ರಿ?"

"ನಿಮ್ಮಜ್ಜನ್ನ," ಎಂದೆ.

ಅವಳು ನನ್ನ ಕೈಗಳನ್ನು ನೋಡಿದಳು. ಮಂಡಿಯ ಮೇಲಿದ್ದವು. ಹಿಂದಕ್ಕೆ ತೆಗೆದುಕೊಳ್ಳಬೇಕು ಎನಿಸಿತು. ತೆಗೆದುಕೊಳ್ಳಲಿಲ್ಲ, ನೋಡಲಿ ಎಂದು ಬಿಟ್ಟೆ.

ನಾನು ಎದ್ದಾಗ ಹೆಂಡತಿ "ಹೋಗ್ರಿ" ಎಂದರು. ಇಷ್ಟು ವರ್ಷ ಆ ಮನೆಯ ಬಾಗಿಲಲ್ಲಿ "ಹೋಗಿ ಬರ್ರಿ, ಮಾಸ್ತರ" ಎಂದು ಕೇಳಿದವನು ನಾನು. ಬರುವುದೂ ಹೋಯಿತು, ಮಾಸ್ತರನೂ ಹೋದ. ಅದು ನ್ಯಾಯವೇ. ಚಪ್ಪಲಿ ಮೆಟ್ಟಿ ಇಳಿಯತೊಡಗಿದೆ.

ಅರ್ಧ ಮೆಟ್ಟಿಲಲ್ಲಿ ಮಗಳು ತರಕಾರಿ ಚೀಲ ಹೊತ್ತು ಹತ್ತಿ ಬರುತ್ತಿದ್ದಳು. "ಏನ್ ಮಾಸ್ತರೇ, ಇಷ್ಟು ಬೇಗ ಹೊರಟ್ರಾ? ಚಹಾ ಆಯ್ತಾ?" ಎಂದಳು. ಅವಳಿಗೆ ದಾರಿ ಬಿಡಲು ಗೋಡೆಗೆ ಒತ್ತಿ ನಿಂತೆ. ಅಷ್ಟರಲ್ಲಿ ಮೇಲಿನ ಕಟಕಟೆಯಿಂದ ಹುಡುಗಿ ಬಗ್ಗಿ ಕೂಗಿದಳು. ಅಜ್ಜನದೇ ಗಂಟಲು, ಇಡೀ ಬೀದಿಗೆ ಕೇಳುವಂಥದ್ದು.

"ಅಮ್ಮಾ, ಅಜ್ಜನ ಕೈ ತಪ್ಪಿರ್ಲಿಲ್ವಂತೆ!"